ಏಳೆಲೆಯ ಬದನೆ ಸಸಿ

ಗಿಡಗಳ ಬಾಯಾರಿಕೆ ಅಳೆಯಲೆಂದು ಮೇಸ್ತ್ರಿಯೊಬ್ಬ ಹೆಗಲಿಗೆ ನೇತುಹಾಕುವಂಥ ಒಂದು ಡಬ್ಬಿ ಕಟ್ಟಿದ. ಕಿತ್ತ ಎಲೆಯನ್ನು ಅದರೊಳಗಿಟ್ಟು ಗಾಳಿ ಒತ್ತಿದರೆ ತೊಟ್ಟಿನ ತುದಿಯಲ್ಲಿ ರಸ ಜಿನುಗಬೇಕು; ಹೆಚ್ಚು ಒತ್ತಬೇಕಾದಷ್ಟೂ ಗಿಡಕ್ಕೆ ಬಾಯಾರಿಕೆ ಹೆಚ್ಚು. "ತಪ್ಪು ಹೇಳಿದೆಯೋ, ಬಿಚ್ಚಿ ಗುಜರಿಗೆ ಹಾಕುತ್ತೇನೆ" ಎಂದು ಗದರಿಸಿಯೇ ಅವನು ಅದನ್ನು ಹೊಲಕ್ಕೆ ಕಳಿಸಿದ್ದ.

ಡಬ್ಬಿಗೆ ಎದೆ ಡವಡವ. ಏಳೆಲೆಯ ಬದನೆ ಸಸಿಯ ಮುಂದೆ ನಿಂತು, "ತಾಯಿ, ಒಂದೆಲೆ ಕೊಡು" ಎಂದಿತು. ಸಸಿ ಕೊಟ್ಟಿತು. ಗಾಳಿಯ ಒತ್ತಡ ತೋರಿಸುವ ಡಬ್ಬಿಯ ಮುಳ್ಳು ಸರ್ರನೆ ಮೇಲಿನ ಅಂಕಿಗೇರಿ ನಿಂತಿತು.

"ಬಾಯಾರಿದೆಯಲ್ಲವೇ? ಸುರಿಯಲೇ?" ಪಕ್ಕದಲ್ಲಿ ಕಾದಿದ್ದ ತುಂಬಿದ ಕೊಡ ಕೇಳಿತು.

"ತಾಳಣ್ಣ. ನನ್ನ ರಬ್ಬರ್ ಬಿರಡೆ ಹೊಸದು. ಗಾಳಿ ಸೋರಿದ್ದರೆ?"

ಎರಡನೆಯ ಎಲೆಯೂ ಅದನ್ನೇ ಹೇಳಿತು. ಎರಡು ಸಲವೂ ಒಂದೇ ಅಂಕಿ ಬಂದದ್ದು ಕಂಡು ಡಬ್ಬಿಗೆ ಇನ್ನಷ್ಟು ದಿಗಿಲು: ಮುಳ್ಳೇ ಸಿಕ್ಕಿಕೊಂಡಿದ್ದರೆ? ಮೂರನೆಯದನ್ನು ಕೇಳಿತು. ಅದು ತೀರಾ ಎಳೆಯದು ಅನ್ನಿಸಿ ನಾಲ್ಕನೆಯದು, ನಾಲ್ಕನೆಯದಕ್ಕೆ ಬಿಸಿಲು ತಾಗಿತ್ತೆಂದು ಐದನೆಯದು.

"ನನ್ನನ್ನೇ ಕೇಳಬಾರದೇ? ಗಂಟಲು ಒಣಗಿದೆ" ಎಂದಿತು ಸಸಿ.

"ನಿನ್ನ ಮಾತನ್ನು ಮೇಸ್ತ್ರಿ ನಂಬಬೇಕಲ್ಲ, ತಾಯಿ!"

ಏಳನೆಯ ಎಲೆಯೂ ಅದೇ ಅಂಕಿ ತೋರಿಸಿದಾಗ ಡಬ್ಬಿ ನಿಟ್ಟುಸಿರು ಬಿಟ್ಟಿತು. "ಈಗ ಖಾತ್ರಿಯಾಯಿತು. ಸುರಿಯಣ್ಣ!"

ಕೊಡ ತನ್ನಲ್ಲಿದ್ದುದನ್ನೆಲ್ಲ ಸುರಿಯಿತು. ಬರಿಯ ಕಡ್ಡಿಯಾಗಿ ನಿಂತಿದ್ದ ಸಸಿ ಡಬ್ಬಿಗೆ ಮೆಲ್ಲಗೆ ಹೇಳಿತು: "ನೀರೇನೋ ಬೇರಿನ ತನಕ ಬಂತಪ್ಪ. ಅದನ್ನು ಮೇಲಕ್ಕೆ ಸೇದುತ್ತಿದ್ದ ಎಲೆಗಳೆಲ್ಲ ನಿನ್ನ ಹೊಟ್ಟೆಯಲ್ಲಿವೆ."