ಮೊದಲ ಬುಟ್ಟಿ ಸಾವುಕಾರರದು

ಗುರುಶಿದ್ದಪ್ಪ ಸಾವುಕಾರರ ಖಾರದ ಪುಡಿ ಗಿರಣಿಗೆ ಹೊಸ ಮಾಸ್ಕುಗಳು ಬಂದವು. ಮಾಸ್ಕನ್ನು ತೊಳೆದು ವರ್ಷಗಟ್ಟಲೆ ಹಾಕಿಕೊಳ್ಳಬಹುದು, ಅದರ ಎರಡೂ ಕೆನ್ನೆಗೆ ಕೂರಿಸುವ ಫಿಲ್ಟರನ್ನು ಮಾತ್ರ ಬದಲಿಸಬೇಕು. ಸಾವುಕಾರರು ಆರಿಸಿ ತಂದದ್ದು ಹೊಟ್ಟಿನ ಧೂಳು ತಡೆಯುವ ತೆಳು ಸ್ಪಂಜಿನ ಬಿಲ್ಲೆ.

ಗಿರಣಿಗೆ ಮೆಣಸಿನಕಾಯಿ ಸುರಿಯುವ ಫಕೀರವ್ವ ಒಂಬತ್ತು ವರ್ಷದಿಂದ ಕೆಮ್ಮುತ್ತಿದ್ದಳು. "ಸಾವಕಾರ್ರ, ಖಾರದ ಪುಡಿ ಭಾಳ ಸಣ್ಣದು, ಇದರಾಗ ಹಾದು ಬರತೈತಿ. ಪಿ-ತ್ರೀ ಅಂತ ಬರೆದಿರೋ ಫಿಲ್ಟರ್ ಬೇಕ್ರಿ," ಅಂದಳು.

"ಧೂಳು ಅಂದ್ರ ಧೂಳು! ನನಗ ಕಲಿಸಾಕ ಬರ್ತೀಯೇನ? ನಾ ಆರಿಸಿದ್ದು ಅಂದ್ರ ಮುಗೀತು. ಬ್ಯಾಡಾದವರು ನಾಳಿಂದ ಬರಬ್ಯಾಡ್ರಿ."

ಫಕೀರವ್ವ ತಕ್ಷಣ ಕೈಮುಗಿದಳು. "ಖರೇ ಐತ್ರಿ. ಹಂಗಾದ್ರ ಪದ್ಧತಿ ಪ್ರಕಾರ ಮೊದಲನೇ ಬುಟ್ಟಿ ನಿಮ್ಮ ಕೈಲೇ ಆಗಲಿ."

ಆ ಗಿರಣಿಯಲ್ಲಿ ಹೊಸ ಸಾಮಾನು ಏನು ಬಂದರೂ ಮೊದಲ ಬುಟ್ಟಿಯನ್ನು ಯಜಮಾನರೇ ಸುರಿಯಬೇಕು. ಅವರು ಶುರು ಮಾಡಿದ್ದನ್ನು ಬೇರೆಯವರು ಮುಗಿಸುವಂತಿಲ್ಲ.

ಸಾವುಕಾರರು ಮಾಸ್ಕು ಬಿಗಿದು, ಎದೆಯುಬ್ಬಿಸಿ ಸುರಿದರು. ಗಿರಣಿ ಗುಡುಗಿತು. ಕೆಂಪು ಮೋಡ ಎದ್ದಿತು.

"ನೋಡ್ರಿ, ಏನೂ ಆ... ಆ... ಆಕ್ಷೀ!"

ಒಂದು, ಎರಡು, ಹನ್ನೊಂದು ಸೀನು. ಟೋಪಿ ಒಂದು ಕಡೆ, ಕನ್ನಡಕ ಒಂದು ಕಡೆ, ಸಾವುಕಾರರು ನೀರಿನ ತೊಟ್ಟಿಯ ಕಡೆ.

ಫಕೀರವ್ವ ಬುಟ್ಟಿ ಹಿಡಿದು ಹಿಂದೆಯೇ ಓಡಿದಳು. "ಸಾವಕಾರ್ರ, ಇನ್ನೂ ಅರ್ಧ ಬುಟ್ಟಿ ಉಳಿದೈತ್ರೀ!"

ಮುಖಕ್ಕೆ ನೀರು ಎರಚಿಕೊಳ್ಳುತ್ತಲೇ ಸಾವುಕಾರರು ಕೂಗಿದರು: "ಗಿರಣಿ ನಿಲ್ಲಿಸ್ರೋ! ಪಿ-ತ್ರೀ ತರಿಸ್ರಿ! ಎಲ್ಲಾರಿಗೂ ಒಂದೊಂದು ಜೋಡಿ, ನನಗ ಎ... ಎ... ಎರಡು!"