ಹೋಗುವ ಹೊಲಿಗೆ, ಬರುವ ಹೊಲಿಗೆ

ಒಂದಾನೊಂದು ಕಾಲದಲ್ಲಿ, ಅಂದರೆ ಹರಿದ ಸೀರೆಯನ್ನ ಯಾರೂ ಎಸೆಯದೇ ಇದ್ದ ಕಾಲದಲ್ಲಿ, ಕೆಮ್ಮಣ್ಣಿನ ದಿನ್ನೆಯ ಮೇಲೆ ಒಂದು ಊರಿತ್ತಂತೆ. ಕಾಲು ಆಡಿಸಬೇಡ, ನೇರವಾಗಿ ಮಲಗು, ನಡುನಡುವೆ ಹೂಂ ಅನ್ನು. ಆ ಊರಲ್ಲಿ ಇಬ್ಬರು ಅಕ್ಕತಂಗಿಯರಿದ್ದರಂತೆ. ಅಕ್ಕನ ಹೆಸರು ಗೌರಕ್ಕ, ತಂಗಿಯ ಹೆಸರು ಬನವ್ವ. ಅಪ್ಪ ಅಮ್ಮ ಬೇಗ ತೀರಿಹೋಗಿದ್ದರು, ಹಾಗಾಗಿ ಗೌರಕ್ಕನೇ ತಂಗಿಗೆ ಎಣ್ಣೆ ಹಚ್ಚಿ, ತಲೆ ಬಾಚಿ, ಸೂಜಿ ಹಿಡಿಯೋದು ಕಲಿಸಿ, ದೊಡ್ಡವಳನ್ನ ಮಾಡಿದಳಂತೆ. ಆಮೇಲೆ ಗೌರಕ್ಕನಿಗೆ ಹೊಳೆಯಾಚೆ ಊರಿಗೆ ಮದುವೆಯಾಯ್ತು, ಆಮೇಲೆ ಚೊಚ್ಚಲ ಬಾಣಂತನಕ್ಕೆ ಅಂತ ತವರಿಗೆ ಬಂದಳು. ತವರು ಅಂದರೆ ಇನ್ಯಾರು? ಬನವ್ವ ಒಬ್ಬಳೇ.

ಬನವ್ವ ಕೌದಿ ಹೊಲಿಯೋದರಲ್ಲಿ ಬಲು ಜಾಣೆಯಂತೆ. ಹಳೇ ಬಟ್ಟೆಯ ತುಂಡುಗಳನ್ನ ಕೂಡಿಸಿ ಹೊಲಿದ ಹೊದಿಕೆಗೆ ಕೌದಿ ಅಂತಾರೆ. ಎಲ್ಲರ ಕೌದಿಯಲ್ಲೂ ತುಂಡುಗಳು ಚೌಕ ಚೌಕವಾಗಿರುತ್ತಿದ್ದವು. ಬನವ್ವನ ಕೌದಿಯಲ್ಲಿ ಒಂದು ತುಂಡು ಬದನೆಕಾಯಿಯ ಹಾಗೆ, ಇನ್ನೊಂದು ಕೊಕ್ಕಿನ ಹಾಗೆ, ಒಂದರ ಹಾಗೆ ಒಂದಿಲ್ಲ. ಆದರೆ ತುಂಡು ತುಂಡು ಸೇರೋ ಕಡೆ ಬಣ್ಣದ ದಾರದಲ್ಲಿ ಹಕ್ಕಿಕಾಲು, ಜೋಳದ ತೆನೆ, ಗೋಪುರ ಅಂತ ಎಷ್ಟು ಅಚ್ಚುಕಟ್ಟಾಗಿ ಕಸೂತಿ ಹಾಕುತ್ತಿದ್ದಳು ಅಂದರೆ, ಆ ಸೊಟ್ಟ ತುಂಡುಗಳೆಲ್ಲ ಅಲ್ಲೇ ಹುಟ್ಟಿ ಬೆಳೆದವು ಅನ್ನಿಸುತ್ತಿತ್ತಂತೆ.

ಅವರ ಹೊಲಿಗೆಗೆ ಒಂದು ಕ್ರಮವಿತ್ತು. ಸೂಜಿ ಮೊದಲು ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಹಾಕುತ್ತಾ ಹೋಗಬೇಕು. ಅದು ಹೋಗುವ ಹೊಲಿಗೆ. ಆಮೇಲೆ ಹೋದ ದಾರಿಯಲ್ಲೇ ತಿರುಗಿ, ಬಿಟ್ಟ ಜಾಗವನ್ನೆಲ್ಲ ತುಂಬುತ್ತಾ ಬರಬೇಕು. ಅದು ಬರುವ ಹೊಲಿಗೆ. ಗಂಟು ಹಾಕೋ ಹಾಗಿಲ್ಲ. ಸರಿಯಾಗಿ ಬಂದರೆ ಬಟ್ಟೆಯ ಮುಂದೆ ಯಾವುದು, ಹಿಂದೆ ಯಾವುದು ಅಂತ ಹೇಳೋಕೇ ಆಗಬಾರದು. ಹೂಂ ಅನ್ನಲಿಲ್ಲ ನೀನು. ಹಾಂ, ಹಾಗೆ.

ಆ ಸೀಮೆಯಲ್ಲಿ ಇನ್ನೊಂದು ಪದ್ಧತಿ. ಚೊಚ್ಚಲ ಕೂಸಿಗೆ ಹೆಸರಿಡೋ ದಿನ ತವರಿನವರು ತೊಟ್ಟಿಲಿಗೆ ಕೌದಿ ಹಾಸಬೇಕು. ಅದರ ಬಟ್ಟೆಯನ್ನ ಮೂರು ಮನೆಯಲ್ಲಿ ಬೇಡಿ ತರಬೇಕು. ಬೇಡಿದವಳು ತನ್ನ ಕೈಯಾರೆ ಮಾಡಿದ ಏನಾದರೊಂದನ್ನ ಆ ಮನೆಗೆ ಕೊಟ್ಟು, ಆಮೇಲೆಯೇ ಆ ಬಟ್ಟೆಗೆ ಸೂಜಿ ಮುಟ್ಟಿಸಬೇಕು. ತೊಟ್ಟಿಲಿಗೆ ಕೌದಿ ಬೀಳಲಿಲ್ಲ ಅಂದರೆ ತವರಿನ ಎಳೆ ಕಡಿದುಹೋಯ್ತು ಅಂತ ಲೆಕ್ಕ, ಗಂಡನ ಮನೆಯವರು ಮಗಳನ್ನ ಮತ್ತೆ ಆ ಹೊಸಿಲಿಗೆ ಕಳಿಸುತ್ತಿರಲಿಲ್ಲವಂತೆ.

ಸರಿ, ಬನವ್ವ ಬಟ್ಟೆ ಬೇಡೋಕೆ ಹೊರಟಳು. ಮೊದಲು ಬಳೆ ಮಾರೋ ಇಮಾಂಬಿಯ ಮನೆಗೆ ಹೋದಳಂತೆ. ಇಮಾಂಬಿ ಪೆಟ್ಟಿಗೆ ತೆಗೆದು ಗಿಳಿಹಸಿರು ಮಖಮಲ್ಲಿನ ತುಂಡು ಕೊಟ್ಟಳು. ತಗೋ ಬೇಟಿ, ನನ್ನ ಮದುವೆ ಕುಪ್ಪಸದ್ದು, ಈಗ ನನ್ನ ಒಂದು ತೋಳೂ ಅದರೊಳಗೆ ಹೋಗೋದಿಲ್ಲ ಅಂತ ನಕ್ಕಳು. ನನಗೇನು ಕೊಡ್ತೀ ಅಂದಾಗ ಬನವ್ವ, ಏನು ಬೇಕು ಹೇಳ್ರಿ ಅಂದಳು. ನನಗೊಂದು ಬಳೆ ಚೀಲ ಬೇಕು, ಅದರಲ್ಲಿ ಬಳೆ ಒಡೀಬಾರದು, ಆದರೆ ಸದ್ದು ಮಾತ್ರ ನಿಲ್ಲಬಾರದು, ನನ್ನ ಬಳೆ ಸದ್ದು ಕೇಳದಿದ್ದರೆ ಯಾವಳೂ ಬಾಗಿಲು ತೆಗೆಯೋದಿಲ್ಲ ಅಂದಳಂತೆ.

ಆಮೇಲೆ ಅದೇ ದಾರಿಯಲ್ಲಿ ಮುಂದೆ ಹೋದರೆ ಸೂಲಗಿತ್ತಿ ಹುಲಿಗೆವ್ವನ ಮನೆ. ಹೆರಿಗೆ ಮಾಡಿಸೋದೇ ಅವಳ ಕೆಲಸ. ಅವಳು ತನ್ನ ಹಳೇ ಸೀರೆಯ ಕೆಂಪು ಅಂಚು ಹರಿದುಕೊಟ್ಟಳು. ನನಗೆ ಬೇರು ನಾರು ಇಡೋ ಚೀಲ ಹೊಲಿದುಕೊಡು, ಒಂದೇ ಕೈಯಲ್ಲಿ ಅದರ ಬಾಯಿ ತೆರೀಬೇಕು, ಒಂದೇ ಕೈಯಲ್ಲಿ ಮುಚ್ಚಬೇಕು ಅಂದಳು. ಇನ್ನೊಂದು ಕೈಗೆ ಏನಾಗೈತಿ ದೊಡ್ಡವ್ವಾ ಅಂತ ಬನವ್ವ ಕೇಳಿದರೆ, ಇನ್ನೊಂದು ಕೈಯನ್ನ ಹೆರೋ ಹುಡುಗಿ ಗಟ್ಟಿಯಾಗಿ ಹಿಡಕೊಂಡಿರ್ತಾಳಲ್ಲ, ಅದನ್ನ ಬಿಡಿಸಿಕೊಂಡು ಬರಲೇನು ಅಂದಳಂತೆ.

ಆಮೇಲೆ ಇನ್ನೂ ಮುಂದೆ ಹೋದರೆ ದೇಸಾಯರ ವಾಡೆ, ಊರಿಗೇ ದೊಡ್ಡ ಮನೆ. ಅಲ್ಲಿ ಯಜಮಾನಿ ಚಂಪಕ್ಕ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಝಲ್ ಝಲ್ ಅಂತ ಓಡಾಡುತ್ತಿದ್ದಳು. ಅವಳು ಕುಪ್ಪಸ ಹೊಲಿಸೋ ನೇರಳೆ ಬಣ್ಣದ ರೇಷ್ಮೆ ಖಣದ ತುಂಡು ಕೊಟ್ಟು, ಬನವ್ವನನ್ನ ಮೂಲೆಗೆ ಕರೆದು ಮೆಲ್ಲಗೆ, ನನಗೊಂದು ಬೀಗದ ಕೈ ಚೀಲ ಬೇಕು, ನಡೆದರೆ ಚೂರೂ ಸದ್ದಾಗಬಾರದು ಅಂದಳಂತೆ. ಯಾಕ್ರಿ ಅಂದರೆ, ಸೊಸೆಯಂದಿರು ಅಡಿಗೆಮನೆಯಲ್ಲಿ ನನ್ನ ಬಗ್ಗೆ ಏನು ಮಾತಾಡ್ತಾರೆ ಅಂತ ಇವತ್ತಿನತನಕ ನನಗೆ ಗೊತ್ತಿಲ್ಲ, ನಾನು ಹೋಗೋದರೊಳಗೆ ಎಲ್ಲರೂ ದೇವರನಾಮ ಶುರುಮಾಡಿರ್ತಾರೆ ಅಂದಳು.

ಬನವ್ವ ಮೂವರಿಗೂ ಆಗಲಿ ಅಂದಳು. ಅಷ್ಟರಲ್ಲಿ ಮನೆ ಕಡೆಯಿಂದ ಒಬ್ಬಳು ಓಡಿಬಂದು, ಹುಲಿಗೆವ್ವ ಬಂದು ಮುಟ್ಟೋದರೊಳಗೇ ನಿಮ್ಮಕ್ಕ ಹೆತ್ತಳು, ಹೆಣ್ಣುಕೂಸು, ಬೇಗ ನಡಿ ಅಂದಳಂತೆ. ಬನವ್ವ ಬಟ್ಟೆಯನ್ನ ಎದೆಗವಚಿಕೊಂಡು ಓಡಿದಳು. ಬಂದು ನೋಡಿದರೆ ಕೂಸು ಮುಷ್ಟಿ ಬಿಗಿಹಿಡಿದು ಮಲಗಿತ್ತು. ಅದನ್ನ ನೋಡಿದ ಮೇಲೆ ಬನವ್ವನ ಕೈ ನಿಲ್ಲಬೇಕಲ್ಲ! ಚೀಲ ಆಮೇಲೆ ಹೊಲಿದರಾಯ್ತು, ಅವರೇನು ಊರು ಬಿಟ್ಟು ಹೋಗ್ತಾರಾ, ಮೊದಲು ಕೌದಿ ಆಗಲಿ ಅಂತ ಕೂತುಬಿಟ್ಟಳಂತೆ. ತಪ್ಪು ಮಾಡಿದಳು. ಆದರೆ ಕೂಸಿನ ಮೇಲಿನ ಅಕ್ಕರೆಗೆ ಮಾಡಿದಳು, ಅದನ್ನೂ ಹೇಳಬೇಕು.

ಕೌದಿ ಮುಗಿಯಿತು. ಹಸಿರು, ಕೆಂಪು, ನೇರಳೆ, ಸುತ್ತ ಹಳದಿ ದಾರದ ಜೋಳದ ತೆನೆ. ಗೌರಕ್ಕ ನೋಡಿ ಕಣ್ತುಂಬಾ ನೀರು ತಂದುಕೊಂಡಳಂತೆ. ಮಾರನೇ ದಿನ ಗೌರಕ್ಕನ ಅತ್ತೆ ಶರಣವ್ವ ಬಂದಳು. ಶರಣವ್ವ ಅಂದರೆ ಸಾಮಾನ್ಯದವಳಲ್ಲ, ಬೆನ್ನು ಬಾಗಿಸಿ ಕೂತದ್ದನ್ನ ಯಾರೂ ನೋಡಿರಲಿಲ್ಲ. ಅವಳು ಕೌದಿಯನ್ನ ಎತ್ತಿ ಬೆಳಕಿಗೆ ಹಿಡಿದಳು, ಹಿಡಿದದ್ದೇ ತಡ, ಹಸಿರು ತುಂಡಿನ ದಾರ ತನ್ನಷ್ಟಕ್ಕೆ ಸರ್ರನೆ ಜಾರಿ ನೆಲಕ್ಕೆ ಬಿತ್ತಂತೆ. ಬನವ್ವ ಗಾಬರಿಯಾಗಿ ಮತ್ತೆ ಹೊಲಿದಳು, ಆಗ ಕೆಂಪು ತುಂಡಿನ ದಾರ ಜಾರಿತು. ಅದನ್ನ ಹೊಲಿದಳು, ನೇರಳೆಯದ್ದು ಜಾರಿತು. ನೋಡಿದರೆ ಹೋಗುವ ಹೊಲಿಗೆ ಹಾಗೇ ಇದೆ, ಬರುವ ಹೊಲಿಗೆ ಮಾತ್ರ ನಿಲ್ಲುತ್ತಿಲ್ಲ.

ಶರಣವ್ವ ಕೌದಿಯನ್ನ ಕೆಳಗಿಟ್ಟು, ಏನವ್ವಾ ಇದು, ಹಲ್ಲುದುರಿದ ಬಾಯಿ ಇದ್ದಂಗ ಐತಿ, ಇದರ ಮ್ಯಾಲ ನಮ್ಮ ಮನಿ ಕೂಸು ಮಲಗಬೇಕಾ ಅಂದಳಂತೆ. ಬರೋ ಸೋಮವಾರ ಹೆಸರಿಡೋದು, ಅಷ್ಟರಲ್ಲಿ ಕೌದಿ ಆದರೆ ಆತು, ಇಲ್ಲಂದರ ನಮ್ಮ ಕಂಬಳಿ ಹಾಸಿ ಹೆಸರಿಟ್ಟು ತಾಯಿ ಮಗಳನ್ನ ಕರಕೊಂಡು ಹೋಗ್ತೀನಿ, ಆಮ್ಯಾಲ ಈ ದಾರಿ ಮರೆತುಬಿಡ್ರಿ ಅಂದಳು. ಅಕ್ಕ ಹೊಳೆ ದಾಟಿ ಹೋದರೆ ಇನ್ನು ಬನವ್ವ ಅವಳ ಮುಖ ನೋಡೋ ಹಾಗೇ ಇಲ್ಲ.

ಅತ್ತೆ ಬಚ್ಚಲಿಗೆ ಹೋದಾಗ ಗೌರಕ್ಕ ತಂಗಿಯನ್ನ ಹತ್ತಿರ ಕೂರಿಸಿಕೊಂಡು, ಬನೀ, ಬಟ್ಟೆ ಕೊಟ್ಟವರಿಗೆ ಏನು ಕೊಟ್ಟು ಬಂದೆ ಅಂತ ಮೆಲ್ಲಗೆ ಕೇಳಿದಳಂತೆ. ಬನವ್ವ ತಲೆ ತಗ್ಗಿಸಿ, ಇನ್ನೂ ಏನೂ ಕೊಟ್ಟಿಲ್ಲ ಅಕ್ಕಾ ಅಂದಳು. ಗೌರಕ್ಕ ಬೈಯಲಿಲ್ಲ. ಹಂಗಾದರ ನೀನು ಹೋಗಿದ್ದೀ ಅಷ್ಟೇ, ಇನ್ನೂ ಬಂದಿಲ್ಲ, ದಾರ ಪಾಪ ಏನು ಮಾಡೀತು ಅಂದಳಂತೆ.

ಬನವ್ವ ಕಣ್ಣೊರೆಸಿಕೊಂಡು ಎದ್ದಳು. ಚೀಲ ಹೊಲಿಯೋಕೆ ಮನೆಯಲ್ಲಿ ಇಡೀ ಬಟ್ಟೆ ಒಂದೂ ಇಲ್ಲ. ಹಿಂದೆ ಬೇರೆ ಕೌದಿಗಳಿಗೆ ತುಂಡು ಕತ್ತರಿಸುವಾಗ ಉಳಿದ ಚಿಂದಿ ಮಾತ್ರ ಬುಟ್ಟಿಯಲ್ಲಿತ್ತು, ಬೆರಳಗಲ, ಅಂಗೈಯಗಲ, ಎಲ್ಲಾ ಸೊಟ್ಟ. ಅದನ್ನೇ ನೆಲದ ಮೇಲೆ ಹರಡಿ, ಹೇಗೆ ಬಿತ್ತೋ ಹಾಗೇ ಜೋಡಿಸಿ, ಸೇರಿದಲ್ಲೆಲ್ಲ ಹಕ್ಕಿಕಾಲು ಹಾಕಿ, ಒಂದೊಂದೇ ಚೀಲ ಹೊಲಿದಳಂತೆ. ಈ ಸಲ ಅವಸರ ಮಾಡಲಿಲ್ಲ. ಶರಣವ್ವ ದೂರದಲ್ಲಿ ಕೂತು ಜಪ ಮಾಡುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದಳು. ಹೂಂ ಅನ್ನು. ಇನ್ನೂ ಎಚ್ಚರವಿದ್ದೀಯಾ? ಸರಿ.

ಆಮೇಲೆ ಬನವ್ವ ಅದೇ ದಾರಿ ಹಿಡಿದಳು. ಈ ಸಲ ಮೊದಲು ತುದಿಯ ಮನೆಗೆ, ದೇಸಾಯರ ವಾಡೆಗೆ ಹೋದಳಂತೆ. ಚೀಲದಲ್ಲಿ ಒಂದೊಂದು ಬೀಗದ ಕೈಗೂ ಒಂದೊಂದು ಹತ್ತಿಯ ಗೂಡು ಮಾಡಿದ್ದಳು. ಚಂಪಕ್ಕ ಅದನ್ನ ಸೊಂಟಕ್ಕೆ ಸಿಕ್ಕಿಸಿ ಬೆಕ್ಕಿನ ಹಾಗೆ ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಮುಖ ಕೆಂಪಗೆ ಮಾಡಿಕೊಂಡು ವಾಪಸ್ ಬಂದಳಂತೆ. ಏನಂತಾರ್ರೀ ಅಂತ ಬನವ್ವ ಹೆದರಿ ಕೇಳಿದಳು. ಅಯ್ಯೋ ಶಿವನೇ, ನನ್ನ ಹೋಳಿಗೆಯ ಹಾಗೆ ಯಾರಿಗೂ ಬರೋದಿಲ್ಲ ಅಂತಿದ್ದರು, ಇಷ್ಟು ವರ್ಷ ಸುಮ್ಮನೆ ಬೈದೆನಲ್ಲ ಅಂತ ಸೆರಗಿನಲ್ಲಿ ಮೂಗೊರೆಸಿಕೊಂಡಳಂತೆ.

ಆಮೇಲೆ ಹುಲಿಗೆವ್ವನ ಮನೆ. ಅವಳು ಎಡಗೈಯನ್ನ ಬನವ್ವನ ಕೈಗೆ ಕೊಟ್ಟು, ಹಿಡಿ, ಹೆರೋಳ ಹಂಗ ಹಿಡಿ, ಇನ್ನೂ ಗಟ್ಟಿ ಅಂದಳು. ಬಲಗೈಯಲ್ಲಿ ಚೀಲದ ದಾರ ಎಳೆದಳು, ಬಾಯಿ ತೆರೆಯಿತು. ಇನ್ನೊಂದು ದಾರ ಎಳೆದಳು, ಮುಚ್ಚಿತು. ಹುಲಿಗೆವ್ವ ಮೂರು ಸಲ ತೆರೆದು ಮುಚ್ಚಿ ನೋಡಿ, ನಿನ್ನ ಹೆರಿಗೆಗೂ ಇದನ್ನೇ ತರ್ತೀನಿ ಬಿಡು ಅಂದಳು, ಬನವ್ವ ನಾಚಿ ಓಡಿದಳಂತೆ.

ಆಮೇಲೆ ಇಮಾಂಬಿ. ಅವಳ ಚೀಲದೊಳಗೆ ಮೆತ್ತನೆಯ ಮಡಿಕೆ ಮಾಡಿ, ಹೊರಗಡೆ ಮಾತ್ರ ಒಂದೆರಡು ಬಳೆ ತೂಗೋಕೆ ಕುಣಿಕೆ ಇಟ್ಟಿದ್ದಳು. ಇಮಾಂಬಿ ಚೀಲ ಹೆಗಲಿಗೆ ಹಾಕಿ ಬೀದಿಯಲ್ಲಿ ನಾಕು ಹೆಜ್ಜೆ ನಡೆದಳೋ ಇಲ್ಲವೋ, ಘಲ್ ಘಲ್ ಅಂದಿತು, ಈ ಕಡೆ ಒಂದು ಬಾಗಿಲು, ಆ ಕಡೆ ಒಂದು ಕಿಟಕಿ ತೆರೆಯಿತು. ಇಮಾಂಬಿ ತಿರುಗಿ ನೋಡಿ, ಇನ್ನು ನೀನು ಹೋಗವ್ವ, ನನಗೆ ವ್ಯಾಪಾರ ಐತಿ ಅಂದಳಂತೆ.

ಬನವ್ವ ಮನೆಗೆ ಬಂದು, ಕೈತೊಳೆದು, ಕೌದಿ ತೊಡೆಯ ಮೇಲೆ ಹಾಕಿಕೊಂಡು ಬರುವ ಹೊಲಿಗೆ ಶುರುಮಾಡಿದಳು. ನೇರಳೆ ನಿಂತಿತು. ಕೆಂಪು ನಿಂತಿತು. ಹಸಿರೂ ನಿಂತಿತು. ಸೂಜಿ ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂದು ಮುಟ್ಟಿತಂತೆ. ಶರಣವ್ವ ಬಂದು ಉಗುರಿನಿಂದ ದಾರ ಕೆದಕಿದಳು, ಬರಲಿಲ್ಲ. ಎಳೆದಳು, ಬರಲಿಲ್ಲ. ಕೌದಿಯನ್ನ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಮುಂದೆ ಯಾವುದು ಹಿಂದೆ ಯಾವುದು ತಿಳಿಯದೆ ಬಹಳ ಹೊತ್ತು ನಿಂತು, ಹ್ಞೂ ಅಂದಳು. ಅವಳ ಬಾಯಲ್ಲಿ ಅಷ್ಟು ಬಂದರೆ ಬೇರೆಯವರ ಬಾಯಲ್ಲಿ ಹಾಡು ಬಂದ ಹಾಗೆ.

ಸೋಮವಾರ ತೊಟ್ಟಿಲಿಗೆ ಕೌದಿ ಹಾಸಿ, ಕೂಸನ್ನ ಮಲಗಿಸಿ, ಕೂಸಿನ ಸೋದರತ್ತೆ ಅದರ ಕಿವಿಯಲ್ಲಿ ನೀಲವ್ವ ಅಂತ ಹೆಸರು ಹೇಳಿದಳಂತೆ. ಹೆಸರು ಹೇಳಿದವಳ ಬೆನ್ನಿಗೆ ಎಲ್ಲರೂ ಸೇರಿ ಗುದ್ದಿದರು, ಅದು ಆ ಕಡೆಯ ಪದ್ಧತಿ. ಅಷ್ಟು ಗದ್ದಲದಲ್ಲೂ ಕೂಸು ಕಣ್ಣು ಬಿಡಲಿಲ್ಲವಂತೆ.

ಬಾಣಂತನ ಮುಗಿದು ಗೌರಕ್ಕ ಹೊರಡೋ ದಿನ ಶರಣವ್ವ ಕರೆಯೋಕೆ ಬಂದಳು. ಬಂದವಳು ಕಂಬಕ್ಕೆ ಒರಗದೆ ನೆಟ್ಟಗೆ ಕೂತು, ಗೋಡೆಗೆ ಹೇಳಿದ ಹಾಗೆ, ನನ್ನ ಎಲೆ ಅಡಿಕೆ ಸಂಚಿ ಹಳೇದಾಗೈತಿ ಅಂದಳಂತೆ. ಬನವ್ವ ಒಳಗೆ ಹೋಗಿ ಒಂದು ಹೊಸ ಸಂಚಿ ತಂದು ಕೊಟ್ಟಳು. ಕೇಳೋದಕ್ಕೆ ಮೊದಲೇ ಹೊಲಿದಿಟ್ಟಿದ್ದಳು! ಶರಣವ್ವನಿಗೆ ಖುಷಿಯಾಯ್ತು, ಆದರೂ ರೂಢಿಯಂತೆ ತಿರುಗಿಸಿ ನೋಡಿದಳು. ನೋಡಿ, ಏ ಹುಡುಗೀ, ಮತ್ತ ಅದೇ ತಪ್ಪು, ಬರೇ ಹೋಗೋ ಹೊಲಿಗಿ ಹಾಕಿ ಕೊಟ್ಟೀಯಲ್ಲ ಅಂದಳು.

ಬನವ್ವ ಅಕ್ಕನ ಕಡೆ ನೋಡಲಿಲ್ಲ. ತಪ್ಪಲ್ರೀ ಅತ್ತೀ ಅಂದಳು. ಸಂಚಿ ನಿಮ್ಮ ಊರಿಗೆ ಹೋಗ್ತದಲ್ಲ, ಅದಕ್ಕ ಹೋಗೋ ಹೊಲಿಗಿ ಹಾಕೀನಿ, ಮುಂದಿನ ವರ್ಷ ಅಕ್ಕನ ಕೈಯಾಗ ಕೊಟ್ಟು ಕಳಿಸ್ರಿ, ಬರೋ ಹೊಲಿಗಿ ಹಾಕಿಕೊಡ್ತೀನಿ ಅಂದಳಂತೆ.

ಅಷ್ಟರತನಕ ನನ್ನ ಅಡಿಕಿ ದಾರಿಯಲ್ಲೆಲ್ಲ ಉದುರಿದರ ಅಂತ ಶರಣವ್ವ ಕೇಳಿದಳು. ಉದುರಿದರ ಬೇಗ ಕಳಿಸ್ತೀರಿ ಅಂದಳು ಬನವ್ವ. ಶರಣವ್ವ ಆ ಸಂಚಿಯನ್ನ ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಈ ಹುಡುಗಿ ಬಾಯಿ ನೋಡು ಅಂತ ಗದರಿದಳಂತೆ. ಗದರಿ, ಮುಖ ಆ ಕಡೆ ತಿರುಗಿಸಿ ನಕ್ಕಳಂತೆ.

ಮುಂದಿನ ವರ್ಷ ಗೌರಕ್ಕ ನೀಲವ್ವನನ್ನ ಸೊಂಟದ ಮೇಲೆ ಕೂರಿಸಿಕೊಂಡು, ಸಂಚಿ ಹಿಡಿದು ಬಂದಳು. ಬನವ್ವ ಬರುವ ಹೊಲಿಗೆ ಹಾಕಿದಳು. ಹಾಕಿ, ಸುಣ್ಣದ ಡಬ್ಬಿ ಇಡೋಕೆ ಬೇಕಾಗುತ್ತದೆ ಅಂತ ಪಕ್ಕದಲ್ಲಿ ಒಂದು ಸಣ್ಣ ಜೇಬು ಸೇರಿಸಿದಳು, ಅದಕ್ಕೆ ಹೋಗುವ ಹೊಲಿಗೆ ಮಾತ್ರ ಹಾಕಿ ಕಳಿಸಿದಳು. ಅದರ ಮುಂದಿನ ವರ್ಷ ಇನ್ನೊಂದು ಜೇಬು. ಶರಣವ್ವ ಪ್ರತಿ ಸಲವೂ ತಿರುಗಿಸಿ ನೋಡುತ್ತಿದ್ದಳು, ಪ್ರತಿ ಸಲವೂ ಬೈಯುತ್ತಿದ್ದಳು, ಪ್ರತಿ ಸಲವೂ ಸೊಸೆಯನ್ನ ಕಳಿಸುತ್ತಿದ್ದಳು.

ಹೀಗೆ ಅಕ್ಕತಂಗಿಯರು ಸುಖವಾಗಿದ್ದರಂತೆ. ಆ ಸಂಚಿ ಇವತ್ತಿಗೂ ಪೂರ್ತಿಯಾಗಿಲ್ಲವಂತೆ, ಕತೆ ಮಾತ್ರ ಪೂರ್ತಿ ಮುಗೀತು. ಹೂಂ ಅನ್ನು.

ಓ, ಮಲಗಿಬಿಟ್ಟಿದ್ದೀಯಾ. ಸರಿ.