ಪೂಜೆಗೆ ಕೂತ ಕ್ಷೌರದ ಕತ್ತಿ

ಕರಿಗುಡ್ಡದ ಮಠವೆಂದರೆ ಕಲ್ಲಿನ ಕಂಬಗಳ ದೊಡ್ಡ ಮಠವಲ್ಲ. ಮಣ್ಣಿನ ಮಾಳಿಗೆಯ ಎರಡು ಕೋಣೆ, ಮುಂದೊಂದು ಪಡಸಾಲೆ, ಅಂಗಳದಲ್ಲಿ ಒಂದು ಬೇವಿನ ಮರ, ಅಷ್ಟೇ. ಆ ಪಡಸಾಲೆಯ ಮೂಲೆಯಲ್ಲಿ ಹಳೆಯ ಕಂಬಳಿಯ ಮೇಲೆ ಕುಳಿತು ಪೂಜ್ಯ ಶ್ರೀ ಸೋಮಲಿಂಗ ಶಿವಯೋಗಿಗಳು ದಾಸೋಹದ ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ಆ ಕೆಲಸವನ್ನು ತಮಗೆ ಬಿಟ್ಟುಕೊಡಬೇಕೆಂದು ಭಕ್ತರು ಎಷ್ಟು ಬೇಡಿಕೊಂಡರೂ ಅವರು ಬಿಟ್ಟವರಲ್ಲ. ಕಣ್ಣು ಮಂಜಾದ ಮೇಲೆಯೂ ಆರಿಸಿದರು. ಆಗ ಊಟದಲ್ಲಿ ಒಂದೆರಡು ಕಲ್ಲು ಹಲ್ಲಿಗೆ ಸಿಕ್ಕರೆ ಭಕ್ತರು ಅದನ್ನೂ ಪ್ರಸಾದವೆಂದೇ ನುಂಗಿದರು. ಊರವರ ಬಾಯಲ್ಲಿ ಅವರು 'ಅಜ್ಜಾರು'.

ಈ ಅಜ್ಜಾರಿಗೆ ಅಡಿವೆಪ್ಪನೆಂಬ ಭಕ್ತನೊಬ್ಬನಿದ್ದ. ಮಠದ ಎದುರಿಗೇ ಅವನ ಕಿರಾಣಿ ಅಂಗಡಿ. ದಿನವೂ ಮಠದ ಪೂಜೆಯ ಕೋಣೆ ಸಾರಿಸಿ, ಹೂವು ಪತ್ರಿ ತಂದಿಟ್ಟ ಮೇಲೆಯೇ ಅಂಗಡಿಯ ಬಾಗಿಲು ತೆಗೆಯುವವನು. ಭಕ್ತಿಯಲ್ಲಿ ಅವನನ್ನು ಮೀರಿಸುವವರು ಊರಲ್ಲಿ ಒಬ್ಬಿಬ್ಬರಿದ್ದರೋ ಏನೋ, ಅಂಜುಬುರುಕತನದಲ್ಲಂತೂ ಯಾರೂ ಇರಲಿಲ್ಲ. ಹೋರಿ ಎದುರಾದರೆ ಓಣಿ ಬದಲಿಸುವನು. ಸೂಜಿ ಹಿಡಿದ ಆಸ್ಪತ್ರೆಯ ನರ್ಸಬಾಯಿ ಬಂದಳೆಂದರೆ ಊರನ್ನೇ ಬದಲಿಸುವನು. ಒಂದು ಹನಿ ರಕ್ತ ಕಂಡರೆ ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಇದೆಲ್ಲ ಅಜ್ಜಾರಿಗೆ ಗೊತ್ತಿತ್ತು. ಗೊತ್ತಿದ್ದೂ ಅವನನ್ನು ಬಹಳ ಪ್ರೀತಿಸುತ್ತಿದ್ದರು.

ಒಂದು ಮುಂಜಾನೆ ಮಠದ ಹೊಸ್ತಿಲಾಚೆ ಗಟ್ಟಿಮುಟ್ಟಾದ ಆಳೊಬ್ಬ ಬಟ್ಟೆಯ ಚೀಲ ಹಿಡಿದು ನಿಂತಿದ್ದ. ಒಳಗೆ ಬಾ ಎನ್ನುವವರೆಗೆ ಬರಲಿಲ್ಲ, ಕೂಡು ಎನ್ನುವವರೆಗೆ ಕೂಡಲಿಲ್ಲ. ಹೆಸರು ಹುಲಗಪ್ಪ, ಊರು ಹೊಳೆಯಾಚೆ. ಕಾಲುವೆ ನೀರಿನ ಜಗಳದಲ್ಲಿ ಸಿಟ್ಟಿನ ಭರಕ್ಕೆ ಸಲಿಕೆ ಬೀಸಿದ್ದ, ಎದುರಿನವನು ಸತ್ತಿದ್ದ. ಹನ್ನೊಂದು ವರ್ಷ ಸೆರೆಮನೆಯಲ್ಲಿದ್ದು ಹೊರಬಂದಿದ್ದಾನೆ. ತನ್ನೂರಿಗೆ ಹೋಗುವ ಮುಖವಿಲ್ಲ. ಇದನ್ನೆಲ್ಲ ಅವನೇ, ಏನೊಂದೂ ಮುಚ್ಚಿಡದೆ, ನೆಲ ನೋಡುತ್ತ ಹೇಳಿದ. ಕೇಳುತ್ತ ಕೇಳುತ್ತ ಅಡಿವೆಪ್ಪ ಒಂದೊಂದೇ ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿದ್ದ.

ಅಜ್ಜಾರು ಬೇಳೆಯ ಮೊರದಿಂದ ಕಣ್ಣೆತ್ತಿದರು. "ಉಂಡೀಯೇನು?"

"ಇಲ್ರೀ ಯಜ್ಜಾ."

"ಮೊದಲ ಉಣ್ಣು. ಉಂಡು ಹೇಳು, ಏನು ಕೆಲಸ ಬಲ್ಲಿ?"

ಹುಲಗಪ್ಪ ಉಂಡು, ಗಂಗಾಳ ತೊಳೆದಿಟ್ಟು ಬಂದು ಹೇಳಿದ: "ಜೇಲಿನಾಗ ಒಬ್ಬ ಮುದುಕಪ್ಪ ನನಗ ಕ್ಷೌರ ಕಲಿಸ್ಯಾನ್ರೀ. ತಲಿ, ದಾಡಿ ಎರಡೂ ಬರ್ತಾವ."

ಕೊಲೆ ಮಾಡಿ ಬಂದವನಿಗೆ ಕತ್ತಿ ಹಿಡಿಯುವ ಕಸುಬೇ ಸಿಗಬೇಕೇ ಶಿವನೇ ಎಂದು ಅಡಿವೆಪ್ಪ ಮನಸ್ಸಿನಲ್ಲೇ ಹಲುಬಿದ. ಆದರೆ ಊರಿನ ಅಗತ್ಯ ನೋಡಿದರೆ ಅದಕ್ಕಿಂತ ಒಳ್ಳೆಯ ಕಸುಬು ಇರಲಿಲ್ಲ. ಊರಿನ ಹಳೆಯ ಕ್ಷೌರಿಕರಿಗೆ ಕಣ್ಣು ಹೋಗಿ ಎರಡು ವರ್ಷವಾಗಿತ್ತು. ಜನ ದಾಡಿಗಾಗಿ ಬಸ್ಸು ಹತ್ತಿ ಪೇಟೆಗೆ ಹೋಗುತ್ತಿದ್ದರು. ಅಜ್ಜಾರು ಹೇಳಿಕಳಿಸಿದ್ದೇ ತಡ, ಆ ಹಿರಿಯರು ತಮ್ಮ ಪೆಟ್ಟಿಗೆ, ಕನ್ನಡಿ, ಕತ್ತಿ ಎಲ್ಲವನ್ನೂ ಸಂತೋಷದಿಂದ ಕೊಟ್ಟರು. ಬೇವಿನ ಮರದ ಕೆಳಗೆ ಹುಲಗಪ್ಪ ಕನ್ನಡಿ ತೂಗುಹಾಕಿ, ಮಣೆ ಹಾಕಿ ಕುಳಿತ. ಹದಿನೈದು ದಿನ ಕುಳಿತ. ಜನ ಅವನೆದುರಿಗೇ ಹಾದು ಹೋಗಿ ಪೇಟೆಯ ಬಸ್ಸು ಹತ್ತಿದರು.

ಹುಣ್ಣಿಮೆಯ ಮುನ್ನಾದಿನ ಅಜ್ಜಾರು ತಾವೇ ಬಂದು ಆ ಮಣೆಯ ಮೇಲೆ ಕುಳಿತು ತಲೆ ಬಾಗಿಸಿದರು. ಸುದ್ದಿ ಹಬ್ಬಿ ಊರೇ ಅಂಗಳದಲ್ಲಿ ನೆರೆಯಿತು. ಅಡಿವೆಪ್ಪ ಕಣ್ಣು ಮುಚ್ಚಿಕೊಂಡು ಪಂಚಾಕ್ಷರಿ ಜಪಿಸತೊಡಗಿದ. ಹುಲಗಪ್ಪನ ಕೈ ಬಹಳ ಹಗುರ. ಒಂದು ಗೀರೂ ಬೀಳಲಿಲ್ಲ. ಮುಗಿದ ಮೇಲೆ ಅವನು ಕತ್ತಿಯನ್ನು ಒರೆಸಿ, ಮಡಚಿ, ಒಂದು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಎರಡೂ ಅಂಗೈಯಲ್ಲಿ ಅದನ್ನು ಅಜ್ಜಾರ ಮುಂದೆ ಹಿಡಿದ. ಅಜ್ಜಾರು ಒಂದು ಗಳಿಗೆ ಅವನ ಮುಖ ನೋಡಿ ಕತ್ತಿಯನ್ನು ತೆಗೆದುಕೊಂಡರು.

ಅಷ್ಟರಲ್ಲಿ ಕಣ್ಣು ಬಿಟ್ಟಿದ್ದ ಅಡಿವೆಪ್ಪ ಗಳಗಳನೆ ಅತ್ತುಬಿಟ್ಟ. "ನೋಡ್ರಪ್ಪಾ, ಆಯುಧಾನ ಗುರುವಿನ ಪಾದಕ್ಕ ಒಪ್ಪಿಸಿಬಿಟ್ಟ" ಎಂದ. ಜನ ಜೈಕಾರ ಹಾಕಿದರು. ಅಜ್ಜಾರು ಏನೋ ಹೇಳಲು ಬಾಯಿ ತೆರೆದರು. ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಪಕ್ಕದೂರಿನ ಹುಣ್ಣಿಮೆ ಪೂಜೆಗೆ ಅವರನ್ನು ಕರೆದೊಯ್ಯುವ ಗಾಡಿ ಬೇರೆ ಬಂದು ನಿಂತಿತ್ತು. ಅಡಿವೆಪ್ಪ ಭಕ್ತಿಯಿಂದ ಕತ್ತಿಯನ್ನು ಇಸಿದುಕೊಂಡು ಹೋಗಿ, ತೊಳೆದು, ವಿಭೂತಿ ಹಚ್ಚಿ, ದೇವರ ಜಗಲಿಯ ಮೇಲೆ ಪತ್ರಿಯ ನಡುವೆ ಇಟ್ಟು ಕೈಮುಗಿದ.

ಮುಂದಿನ ಮೂರು ದಿನ ಆ ಕತ್ತಿಯ ದರ್ಶನಕ್ಕೆ ಸುತ್ತಲಿನ ಊರುಗಳಿಂದ ಜನ ಬಂದರು. ಅಡಿವೆಪ್ಪ ಪ್ರತಿಯೊಬ್ಬರಿಗೂ ಉಪ್ಪು ಖಾರ ಹಚ್ಚಿ ಕಥೆ ಹೇಳಿದ. ಸೋಮವಾರ ಹೇಳಿದ್ದಕ್ಕಿಂತ ಬುಧವಾರ ಹೇಳಿದ್ದು ಬಹಳ ಚೆನ್ನಾಗಿತ್ತು. ಆದರೆ ಬೇವಿನ ಮರದ ಕೆಳಗಿನ ಮಣೆ ಮಾತ್ರ ಖಾಲಿಯೇ. ಕೇಳಿದರೆ, "ಅಜ್ಜಾರ ಮಾತು ಬ್ಯಾರೆ ಬಿಡ್ರಿ, ನಾವು ಸಂಸಾರಸ್ಥರು" ಎನ್ನುವರು. ಅಂಗಡಿಯ ತಕ್ಕಡಿಯ ಹಿಂದಿನಿಂದ ಅಡಿವೆಪ್ಪನ ಹೆಂಡತಿ ನೀಲವ್ವ ಗಂಡನ ಮುಖ ನೋಡಿ, "ಅಷ್ಟು ನಂಬಿಕಿ ಇದ್ರ ನಿಮ್ಮ ದಾಡಿ ಯಾಕ ಹಿಂಗ ಬೆಳದೈತಿ? ಹೇಳೂದು ಆಚಾರ, ತಿನ್ನೂದು ಬದನೀಕಾಯಿ" ಎಂದಳು. ಅಡಿವೆಪ್ಪ ಕೇಳಿಸದವನಂತೆ ಬೆಲ್ಲ ತೂಗಿದ.

ನಾಲ್ಕನೆಯ ದಿನ ಮುಂಜಾನೆ ಅವನು ಹೂವು ಹಿಡಿದು ಬರುವಾಗ ಹುಲಗಪ್ಪ ಚೀಲ ಕಟ್ಟುತ್ತಿದ್ದ. ಕನ್ನಡಿಯನ್ನು ಮರದಿಂದ ಇಳಿಸಿಯಾಗಿತ್ತು. ಅಡಿವೆಪ್ಪ ನಾಲ್ಕು ಮಾರು ದೂರದಲ್ಲೇ ನಿಂತು, "ಎಲ್ಲಿಗೆ ಹೊಂಟಿ?" ಎಂದ.

"ವಾಪಸ್ ಜೇಲಿಗ್ರಿ ಸಾವಕಾರ್ರ."

"ಹುಚ್ಚ ಏನೋ? ಬಿಟ್ಟು ಕಳಿಸಿದವ್ರು ಮತ್ತ ಹೆಂಗ ಒಳಗ ಕರಕೊಳ್ತಾರ?"

"ಗೇಟಿನ ಸಾಹೇಬ್ರ ಕಾಲಿಗೆ ಬೀಳ್ತೀನ್ರಿ. ಒಂದು ಮೂಲಿ ಕೊಡ್ರಿ ಅಂತೀನಿ. ಅಲ್ಲಿ ದಿನಾ ಇಪ್ಪತ್ತು ಮಂದಿ ನನ್ನ ಕೈಯಾಗ ಗದ್ದ ಕೊಡ್ತಿದ್ರು. ಇಲ್ಲಿ ನನ್ನ ಕತ್ತಿಗೆ ಕೈಮುಗೀತಾರ, ನನ್ನ ಮುಂದ ಯಾರೂ ಕುಂಡ್ರೂದಿಲ್ಲ. ಅಜ್ಜಾರು ಅನ್ನ ಹಾಕ್ತಾರ, ಖರೆ. ದುಡೀಲಾರದ ಕೈಗೆ ತುತ್ತು ಏಳಾಂಗಿಲ್ರಿ."

"ಮತ್ತ ಕತ್ತಿ ನೀನ ಅಲ್ಲೇನು ಅಜ್ಜಾರಿಗೆ ಒಪ್ಪಿಸಿದ್ದು?"

ಹುಲಗಪ್ಪ ಚೀಲದ ಗಂಟು ಬಿಗಿಯುತ್ತ ಹೇಳಿದ: "ಒಪ್ಪಿಸಿದ್ದಲ್ರೀ. ಅಲ್ಲಿ ಕ್ಷೌರ ಮುಗಿದ ಕೂಡ್ಲೆ ಕತ್ತಿ ಮಡಚಿ, ಹಿಂದ ಸರದು, ಎರಡೂ ಕೈಲೆ ಜೇಲಿನ ಪೊಲೀಸ್ರಿಗೆ ಕೊಡಬೇಕು. ಹನ್ನೊಂದು ವರ್ಷದ ರೂಢಿ, ಕೈ ತಾನ ಮುಂದ ಹೋತು. ಅಷ್ಟರಾಗ ನೀವು ವಿಭೂತಿ ಹಚ್ಚಿಬಿಟ್ರಿ. ದೇವರ ಜಗಲಿ ಮ್ಯಾಲಿಂದು ನಾ ಹೆಂಗ ಕೇಳ್ಲಿ?"

ಅಡಿವೆಪ್ಪನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಬಡವನ ಅನ್ನದ ದಾರಿಯನ್ನು ಕಿತ್ತುಕೊಂಡು ಹೂವೇರಿಸಿದ್ದು ಬೇರೆ ಯಾರೂ ಅಲ್ಲ, ತಾನೇ. ಹೂವಿನ ಬುಟ್ಟಿಯನ್ನು ಅಲ್ಲೇ ಇಟ್ಟು, "ಒಂದು ಗಳಿಗಿ ನಿಲ್ಲು" ಎಂದು ಹೇಳಿ ಪಡಸಾಲೆಗೆ ಓಡಿದ. ಹಿಂದಿನ ರಾತ್ರಿಯಷ್ಟೇ ಪಕ್ಕದೂರಿನಿಂದ ಹಿಂತಿರುಗಿದ್ದ ಅಜ್ಜಾರು ಮೊರ ಮುಂದಿಟ್ಟುಕೊಂಡು ಕುಳಿತಿದ್ದರು. ಅಡಿವೆಪ್ಪ ಅಳುತ್ತ ಎಲ್ಲವನ್ನೂ ಹೇಳಿ, "ಯಜ್ಜಾ, ನೀವು ಇನ್ನೊಮ್ಮೆ ಅವನ ಮುಂದ ಕುಂಡ್ರಬೇಕು. ಹತ್ತೂರು ಮಂದೀನ ಕರಸ್ತೀನಿ" ಎಂದು ಬೇಡಿಕೊಂಡ.

ಅಜ್ಜಾರು ಮುಗುಳ್ನಕ್ಕರು. "ನಾ ಕುಂತರ ಪವಾಡ ಅಂತಾರ ತಮ್ಮಾ. ನೀ ಕುಂತರ ಕ್ಷೌರ ಅಂತಾರ."

ಇಷ್ಟೇ ನುಡಿದು ಅವರು ಎದ್ದು ಪೂಜೆಯ ಕೋಣೆಗೆ ಹೋದರು. ಜಗಲಿಯ ಮೇಲಿನ ಕತ್ತಿಯನ್ನು ತೆಗೆದುಕೊಂಡು, ತಮ್ಮ ಮೈಮೇಲಿನ ಕಾವಿಯ ಸೆರಗಿನಿಂದಲೇ ವಿಭೂತಿಯನ್ನು ಒರೆಸಿ, ಅಡಿವೆಪ್ಪನ ಕೈಯಲ್ಲಿಟ್ಟರು.

ಅಂಗಳ ದಾಟುವ ಆ ಇಪ್ಪತ್ತು ಹೆಜ್ಜೆ ತನ್ನ ಆಯುಷ್ಯದಲ್ಲೇ ಬಹಳ ಉದ್ದದ ದಾರಿಯಾಗಿತ್ತೆಂದು ಅಡಿವೆಪ್ಪ ಮುಂದೆ ಹೇಳುತ್ತಿದ್ದ. ಕತ್ತಿಯನ್ನು ಹುಲಗಪ್ಪನ ಕೈಗೆ ಕೊಟ್ಟು, "ದಾಡಿ ಮಾಡು" ಎಂದ. ಮಣೆಯ ಮೇಲೆ ಕುಳಿತ. ಮೊಣಕಾಲು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ನೀರಿಗೆ ಹೊರಟ ಜನ, ಬಸ್ಸಿಗೆ ಹೊರಟವರು, ಎಲ್ಲರೂ ಅಲ್ಲಲ್ಲೇ ನಿಂತು ನೋಡತೊಡಗಿದರು. ಗದ್ದಕ್ಕೆ ಸಾಬೂನಿನ ನೊರೆ ಬಿತ್ತು. ಅಡಿವೆಪ್ಪ ಕಣ್ಣು ಬಿಗಿಯಾಗಿ ಮುಚ್ಚಿ ಕಾದ. ಎಷ್ಟು ಹೊತ್ತಾದರೂ ಕತ್ತಿ ತಾಗಲಿಲ್ಲ. ಮೆಲ್ಲಗೆ ಕಣ್ಣು ಬಿಟ್ಟರೆ ಹುಲಗಪ್ಪನ ಕೈ ತನ್ನ ಮೊಣಕಾಲಿಗಿಂತ ಹೆಚ್ಚು ನಡುಗುತ್ತಿದೆ.

"ಸಾವಕಾರ್ರ, ನೀವು ನಡುಗಬ್ಯಾಡ್ರಿ" ಎಂದ ಹುಲಗಪ್ಪ ಸಣ್ಣ ದನಿಯಲ್ಲಿ. "ನನಗ ಅಂಜಿಕಿ ಬರ್ತೈತಿ."

ಅಡಿವೆಪ್ಪನಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲೇ ಗದ್ದ ಅಲುಗಿ, ಕಿವಿಯ ಕೆಳಗೆ ಕತ್ತಿಯ ಅಂಚು ತಾಗಿಬಿಟ್ಟಿತು. ಬಿಳಿಯ ನೊರೆಯ ಮೇಲೆ ಒಂದು ಕೆಂಪು ಹನಿ ಮೂಡಿತು. ನೋಡುತ್ತಿದ್ದವರು ಉಸಿರು ಹಿಡಿದರು. ಹುಲಗಪ್ಪ ಸುಣ್ಣದಂತೆ ಬೆಳ್ಳಗಾಗಿ ಹಿಂದೆ ಸರಿದ. ಇನ್ನು ಈ ಊರಿನ ಋಣ ತೀರಿತೆಂದು ಅವನ ಮುಖವೇ ಹೇಳುತ್ತಿತ್ತು.

ಅಡಿವೆಪ್ಪ ಬೆರಳಿನಿಂದ ಮುಟ್ಟಿ ನೋಡಿಕೊಂಡ. ರಕ್ತವೇ. ಕಣ್ಣಿಗೆ ಕತ್ತಲೆ ಬರಬೇಕಿತ್ತು. ಬರಲಿಲ್ಲ.

"ಪಟಿಕ ಹಚ್ಚೋ ಮಾರಾಯಾ" ಎಂದ. "ಹಚ್ಚಿ ಮುಂದ ನಡಸು, ಅಂಗಡಿ ತೆಗೀಬೇಕು ನಾನು."

ಹುಲಗಪ್ಪ ಪಟಿಕದ ಹರಳನ್ನು ನೀರಲ್ಲಿ ಅದ್ದಿ ಗಾಯಕ್ಕೆ ಒತ್ತಿದ. ಆಮೇಲೆ ಅವನ ಕೈ ನಡುಗಲಿಲ್ಲ. ಅಂದು ಯಾರೂ ಜೈಕಾರ ಹಾಕಲಿಲ್ಲ. ಬಸ್ಸಿಗೆಂದು ನಿಂತಿದ್ದ ಗಾಣದ ಈರಭದ್ರಪ್ಪ ಹತ್ತಿರ ಬಂದು, ತನ್ನ ಎಂಟು ದಿನದ ಗಡ್ಡ ಕೆರೆದುಕೊಳ್ಳುತ್ತ, "ಇವರದಾದ ಮ್ಯಾಲ ನನ್ನದು ಮಾಡ್ತೀಯೇನಪಾ? ಬಸ್ಸು ಹೆಂಗೂ ತಪ್ಪಿತು" ಎಂದ.

ಹುಲಗಪ್ಪ ಆ ಊರಲ್ಲೇ ಉಳಿದ, ಕೈತುಂಬ ದುಡಿದ. ಅಜ್ಜಾರು ಲಿಂಗೈಕ್ಯರಾಗುವವರೆಗೂ ಅವರ ಕ್ಷೌರದ ಸೇವೆ ಅವನದೇ ಆಗಿತ್ತು. ಆದರೆ ಆ ದಿನ ನಿಜವಾಗಿ ಬದಲಾದವನು ಅಡಿವೆಪ್ಪ. ಪೊಲೀಸರ ಟೊಪ್ಪಿಗೆ ಕಂಡರೆ ಬೆವರುತ್ತಿದ್ದ ಆ ಮನುಷ್ಯ ಜಿಲ್ಲಾ ಸೆರೆಮನೆಯ ಗೇಟಿಗೆ ತಾನೇ ಹೋಗಿ ನಿಲ್ಲತೊಡಗಿದ. ಕರೆಯಲು ಯಾರೂ ಬಾರದವರನ್ನು ಮಠಕ್ಕೆ ಕರೆತಂದು ಉಣ್ಣಿಸುವನು. ಒಬ್ಬನನ್ನು ಈರಭದ್ರಪ್ಪನ ಗಾಣಕ್ಕೆ, ಇನ್ನೊಬ್ಬನನ್ನು ಬಡಿಗೇರರ ಮನೆಗೆ, ಮತ್ತೊಬ್ಬನನ್ನು ತನ್ನದೇ ಅಂಗಡಿಯ ತಕ್ಕಡಿಗೆ ಹಚ್ಚುವನು.

ಒಮ್ಮೆ ಗೇಟಿನ ಕಾವಲಿನವನು ಕುತೂಹಲಕ್ಕೆ ಕೇಳಿದನಂತೆ: "ಎಂಥೆಂಥಾವ್ರನ್ನ ಕರಕೊಂಡು ಹೋಗ್ತೀರಿ. ನಿಮಗ ಅಂಜಿಕಿ ಆಗೂದಿಲ್ಲೇನ್ರಿ?"

"ಆಗ್ತೈತಿ" ಎಂದ ಅಡಿವೆಪ್ಪ, ಆಗ ತಾನೇ ತೆರೆಯುತ್ತಿದ್ದ ಗೇಟಿನ ಕಡೆ ನೋಡುತ್ತ. "ಆದರ ಹೊರಗ ಬರೂ ಮನಶ್ಯಾಗ ನನಗಿಂತ ಹೆಚ್ಚಿಗಿ ಆಗ್ತಿರ್ತೈತಿ."